ಬಿಸಿನೀರಿನ ಪೈಪು, ಫ್ರಿಜ್ಜಿನ ಬಾಗಿಲು, ಬಣ್ಣದ ಬಕೆಟ್ಟು: ಒಂದು ಮನೆಯ ದುರಸ್ತಿ ದಾಖಲೆ

ವಿದ್ಯುತ್ತು, ನೀರು ಮತ್ತು ಕಸ ಈ ಮೂರನ್ನೂ ಕಡಿಮೆ ಮಾಡುವ ಉದ್ದೇಶದಿಂದ ನಮ್ಮ ಮನೆಯಲ್ಲಿ ಕೈಗೊಂಡ ಸಣ್ಣಪುಟ್ಟ ದುರಸ್ತಿಗಳನ್ನು, ಬೇರೆಯವರಿಗೂ ಮಾಡಿ ನೋಡಲು ಅನುಕೂಲವಾಗುವಂತೆ, ಇಲ್ಲಿ ಬರೆದಿಡುತ್ತಿದ್ದೇನೆ. ಮನೆ ಬೆಂಗಳೂರಿನ ಒಂದು ಹಳೆಯ ಬಡಾವಣೆಯಲ್ಲಿದೆ. ಅಮ್ಮನನ್ನೂ ಸೇರಿಸಿ ನಾಲ್ಕು ಜನ ಇದ್ದೇವೆ. ತಾರಸಿಯ ಮೇಲೆ 200 ಲೀಟರಿನ ಸೋಲಾರ್ ವಾಟರ್ ಹೀಟರ್, ಬಚ್ಚಲುಮನೆಯಲ್ಲಿ 15 ಲೀಟರಿನ ಗೀಸರ್, ಅಡುಗೆಮನೆಯಲ್ಲಿ ಒಂದೇ ಬಾಗಿಲಿನ ಹಳೆಯ ಫ್ರಿಜ್, ಕರೆಂಟು ಹೋದಾಗ ಬೇಕೆಂದು ಇಟ್ಟ ಯುಪಿಎಸ್, ಇವು ನಮ್ಮ ಮನೆಯ ಮುಖ್ಯ ಉಪಕರಣಗಳು.

ಕೆಲಸ ಶುರುಮಾಡುವಾಗ ಒಂದು ವಿಷಯವನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದೆ. ಮನೆಯವರ ನೆನಪನ್ನು ನಂಬಿಕೊಂಡ ಅಭ್ಯಾಸ ಹಬ್ಬದ ದಿನ, ನೆಂಟರು ಬಂದ ದಿನ, ಮಕ್ಕಳ ಪರೀಕ್ಷೆಯ ದಿನ ತಪ್ಪಿಹೋಗುತ್ತದೆ. ಆದರೆ ಬಕೆಟ್ಟು ಬೇಕಾದ ಜಾಗದಲ್ಲೇ ಇದ್ದರೆ, ಸ್ವಿಚ್ಚು ದಾರಿಯಲ್ಲೇ ಕೈಗೆ ಸಿಕ್ಕರೆ, ಅದೇ ಅಭ್ಯಾಸವನ್ನು ಯಾರೂ ಯಾರಿಗೂ ನೆನಪಿಸಬೇಕಾಗಿಲ್ಲ. ಆದ್ದರಿಂದ ಕೆಳಗಿನ ಪ್ರತಿಯೊಂದು ಕೆಲಸವೂ ಒಂದು ವಸ್ತುವನ್ನು ಸರಿಪಡಿಸುವ, ಕಟ್ಟುವ ಅಥವಾ ಸ್ಥಳ ಬದಲಿಸುವ ಕೆಲಸವಾಗಿದೆ.

ಮೊದಲು ಅಳತೆ

ಎಲ್ಲಿ ಎಷ್ಟು ಖರ್ಚಾಗುತ್ತಿದೆ ಎಂದು ತಿಳಿಯಲು ಯಾವ ಉಪಕರಣವನ್ನೂ ಕೊಳ್ಳಬೇಕಾಗಲಿಲ್ಲ. ಮನೆಯ ವಿದ್ಯುತ್ ಮೀಟರಿನ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಟುಕುತ್ತಿರುತ್ತದೆ. ಅದರ ಹತ್ತಿರ ಒಂದು ಯೂನಿಟ್ಟಿಗೆ ಎಷ್ಟು ಮಿಟುಕು ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ನಮ್ಮ ಮೀಟರಿನಲ್ಲಿ ಅದು 3200. ನಿಮ್ಮದರಲ್ಲಿ 1600 ಅಥವಾ ಬೇರೊಂದು ಸಂಖ್ಯೆ ಇರಬಹುದು. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್ ಆದ್ದರಿಂದ, ಅದನ್ನು 3200ರಿಂದ ಭಾಗಿಸಿದರೆ ಒಂದು ಮಿಟುಕಿನ ಬೆಲೆ 1125 ಜೂಲ್ ಎಂದು ಸಿಗುತ್ತದೆ. ಎರಡು ಮಿಟುಕುಗಳ ನಡುವೆ ಎಷ್ಟು ಸೆಕೆಂಡು ಕಳೆಯಿತೆಂದು ಎಣಿಸಿ, 1125ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಆ ಹೊತ್ತಿನಲ್ಲಿ ಮನೆ ಎಳೆಯುತ್ತಿರುವ ವ್ಯಾಟ್ ತಿಳಿಯುತ್ತದೆ. 15 ಸೆಕೆಂಡಿಗೊಮ್ಮೆ ಮಿಟುಕಿದರೆ 75 ವ್ಯಾಟ್, ಅಂದರೆ ಒಂದು ಹಳೆಯ ಸೀಲಿಂಗ್ ಫ್ಯಾನಿನಷ್ಟು. ಕೆಲವೇ ವ್ಯಾಟ್ ಎಳೆಯುವ ವಸ್ತು ಒಂದೇ ಇದ್ದರೆ ಮೀಟರು ಅದನ್ನು ಗಮನಿಸದೆಯೂ ಇರಬಹುದು. ಹಾಗಾಗಿ ಮೊಬೈಲ್ ಚಾರ್ಜರಿನಂಥ ಸಣ್ಣ ವಸ್ತುಗಳನ್ನು ಹೀಗೆ ಅಳೆಯಲು ಹೋಗಬಾರದು.

ರಾತ್ರಿ ಎಲ್ಲರೂ ಮಲಗಿದ ಮೇಲೆ, ದೀಪ ಫ್ಯಾನುಗಳನ್ನು ಆರಿಸಿ, ಫ್ರಿಜ್ಜನ್ನೂ ಸ್ವಲ್ಪ ಹೊತ್ತು ನಿಲ್ಲಿಸಿ, ಮೀಟರಿನ ಮುಂದೆ ನಿಂತು ಎಣಿಸಿದೆ. ಏನೂ ಓಡುತ್ತಿಲ್ಲ ಎಂದು ನಾವು ಭಾವಿಸಿದ್ದ ಮನೆ ಸುಮಾರು 50 ವ್ಯಾಟ್ ಎಳೆಯುತ್ತಿತ್ತು. ಇದು ಹಗಲು ರಾತ್ರಿ ಎನ್ನದೆ ನಡೆದರೆ ವರ್ಷಕ್ಕೆ 438 ಯೂನಿಟ್. ಒಂದೊಂದೇ ಪ್ಲಗ್ಗನ್ನು ಕಳಚುತ್ತ ಹೋದಾಗ ಸುಮಾರು 12 ವ್ಯಾಟ್ ಟಿವಿಯ ಸೆಟ್‌ಟಾಪ್ ಬಾಕ್ಸಿನದು, 8 ವ್ಯಾಟ್ ಯಾರೂ ಕೇಳದ ಸ್ಪೀಕರ್ ಸೆಟ್ಟಿನದು, ಉಳಿದದ್ದು ಯುಪಿಎಸ್ ಮತ್ತು ಇಂಟರ್ನೆಟ್ ರೌಟರಿನದು ಎಂದು ಗೊತ್ತಾಯಿತು. ರಿಮೋಟಿನಿಂದ ಆರಿಸಿದ ಸೆಟ್‌ಟಾಪ್ ಬಾಕ್ಸ್ ತನ್ನ ಮುಂಭಾಗದ ದೀಪದ ಬಣ್ಣವನ್ನು ಬದಲಾಯಿಸುತ್ತದೆಯೇ ಹೊರತು ವಿದ್ಯುತ್ ಎಳೆಯುವುದನ್ನು ಹೆಚ್ಚೇನೂ ತಗ್ಗಿಸುವುದಿಲ್ಲ. ಟಿವಿ, ಬಾಕ್ಸು, ಸ್ಪೀಕರು ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿ, ಆ ಬೋರ್ಡಿನ ಸ್ವಿಚ್ಚನ್ನು ಟಿವಿಯ ಹಿಂದಿನಿಂದ ತೆಗೆದು ಮಲಗುವ ಕೋಣೆಗೆ ಹೋಗುವ ದಾರಿಯ ಗೋಡೆಗೆ, ಹಜಾರದ ದೀಪದ ಸ್ವಿಚ್ಚಿನ ಪಕ್ಕದಲ್ಲೇ ಕೂರಿಸಿದೆವು. ಈಗ ಹಜಾರದ ದೀಪ ಆರಿಸುವ ಕೈ ಅದನ್ನೂ ಆರಿಸುತ್ತದೆ. ರಾತ್ರಿಯ ಎಳೆತ 30 ವ್ಯಾಟಿಗೆ ಇಳಿದಿದೆ. ಉಳಿದದ್ದರಲ್ಲಿ ದೊಡ್ಡ ಪಾಲು ಯುಪಿಎಸ್ಸಿನದು. ಅದರ ಬ್ಯಾಟರಿಗೆ ವಯಸ್ಸಾದಷ್ಟೂ, ಡಿಸ್ಟಿಲ್ಡ್ ವಾಟರ್ ಕಡಿಮೆಯಾದಷ್ಟೂ ಅದು ತುಂಬಿದ ಸ್ಥಿತಿಯಲ್ಲಿ ಉಳಿಯಲು ಹೆಚ್ಚು ವಿದ್ಯುತ್ ತಿನ್ನುತ್ತದೆ. ನೀರಿನ ಮಟ್ಟ ನೋಡುವ ಕೆಲಸವನ್ನು ಗ್ಯಾಸ್ ಸಿಲಿಂಡರ್ ಬದಲಿಸುವ ದಿನಕ್ಕೆ ಜೋಡಿಸಿದ್ದೇವೆ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಕರ್ನಾಟಕದಲ್ಲಿ 2023ರಿಂದ ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆ ಇರುವುದರಿಂದ ಅನೇಕ ಮನೆಗಳ ಬಿಲ್ಲಿನಲ್ಲಿ ಶೂನ್ಯ ರೂಪಾಯಿ ಬರುತ್ತದೆ, ಬಿಲ್ಲನ್ನು ಓದುವ ರೂಢಿಯೂ ತಪ್ಪುತ್ತದೆ. ಆದರೂ ಯೂನಿಟ್ಟುಗಳ ಲೆಕ್ಕ ಇಡಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕು ಎಂಬುದು ಅದಕ್ಕೆ ಒಂದು ಕಾರಣ. ಅದಕ್ಕಿಂತ ಮುಖ್ಯವಾಗಿ, ಹಣ ಯಾರೇ ಕೊಡಲಿ ಆ ಯೂನಿಟ್ಟನ್ನು ಎಲ್ಲೋ ಉತ್ಪಾದಿಸಲೇಬೇಕು. ಹಾಗಾಗಿ ನಾವು ರೂಪಾಯಿಯ ಲೆಕ್ಕ ಬಿಟ್ಟು ಮೀಟರಿನ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಪ್ರತಿ ಭಾನುವಾರ ಬರೆಯುತ್ತೇವೆ.

ಬಿಸಿನೀರು

ಅಳತೆ ಮಾಡಿದ ಮೇಲೆ ನನಗೆ ಸ್ಪಷ್ಟವಾದದ್ದು, ಮನೆಯ ಶಕ್ತಿಯ ಮಾತು ಬಂದಾಗ ನಾವೆಲ್ಲ ದೀಪಗಳ ಬಗ್ಗೆ ಮಾತಾಡುತ್ತೇವೆ, ಆದರೆ ದೊಡ್ಡ ಖರ್ಚು ಇರುವುದು ನೀರು ಕಾಯಿಸುವಲ್ಲಿ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 4186 ಜೂಲ್ ಬೇಕು. 15 ಲೀಟರಿನ ಗೀಸರಿನಲ್ಲಿ 25 ಡಿಗ್ರಿಯ ನೀರನ್ನು 60 ಡಿಗ್ರಿಗೆ ಏರಿಸಲು ಸುಮಾರು 0.6 ಯೂನಿಟ್ ಸಾಕು; ತಣ್ಣೀರು ಬೆರೆಸಿದರೆ ಅದರಿಂದ ಹದವಾದ 35 ಲೀಟರ್ ನೀರು, ಅಂದರೆ ಇಬ್ಬರ ಸ್ನಾನದ ನೀರು ಸಿಗುತ್ತದೆ. ಅದೇ, ಸೋಲಾರ್ ಟ್ಯಾಂಕಿನೊಳಗೆ ಮೋಡದ ದಿನಗಳಿಗೆಂದು ಕೂರಿಸಿರುವ ವಿದ್ಯುತ್ ಕಾಯ್ಲನ್ನು ಹಾಕಿದರೆ ಅದು 200 ಲೀಟರನ್ನೂ ಕಾಯಿಸುತ್ತದೆ. 25ರಿಂದ 55 ಡಿಗ್ರಿಗೆ ಏರಿಸಲು ಸುಮಾರು 7 ಯೂನಿಟ್ ಬೇಕಾಗುತ್ತದೆ. ಬೆಳಿಗ್ಗೆ ನಾಲ್ವರ ಸ್ನಾನವಾದ ಮೇಲೆ ಉಳಿದ ಬಿಸಿನೀರು ಮಧ್ಯಾಹ್ನದ ಬಿಸಿಲಿಗೆ ಜಾಗವನ್ನೇ ಬಿಡುವುದಿಲ್ಲ. ಮೋಡ ಸರಿದು ಸೂರ್ಯ ಬಂದರೂ ಆ ಬಿಸಿಲು ವ್ಯರ್ಥ.

ನಮ್ಮ ಮನೆಯಲ್ಲಿ ಈ ಕಾಯ್ಲಿನ ಸ್ವಿಚ್ಚು ಮೆಟ್ಟಿಲಿನ ಬಳಿ ಇತ್ತು. ಆಕಾಶ ಮಬ್ಬಾಗಿ ಕಂಡ ಸಂಜೆ ಯಾರಾದರೊಬ್ಬರು ಹಾಕಿಬಿಡುತ್ತಿದ್ದರು. ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಆ ಸಾಲಿನ ಎಂಸಿಬಿಯನ್ನು, ಅಂದರೆ ಮೇನ್ ಬೋರ್ಡಿನಲ್ಲಿರುವ ಅದರ ಸ್ವಿಚ್ಚನ್ನು, ಶಾಶ್ವತವಾಗಿ ಕೆಳಗಿಳಿಸಿ ಚೀಟಿ ಅಂಟಿಸಿದೆವು. ಮಳೆಗಾಲಕ್ಕೆ ಬಚ್ಚಲಿನ ಸಣ್ಣ ಗೀಸರೇ ಸಾಕು. ಅದರ ಸ್ವಿಚ್ಚನ್ನು ಮೂಲೆಯಿಂದ ತೆಗೆದು ಬಚ್ಚಲ ಬಾಗಿಲಿನ ಹೊರಗೆ, ಕಣ್ಣಿನ ಎತ್ತರಕ್ಕೆ, ಕೆಂಪು ಇಂಡಿಕೇಟರ್ ದೀಪದ ಜೊತೆಗೆ ಹಾಕಿಸಿದೆವು. 2000 ವ್ಯಾಟಿನ ಗೀಸರಿಗೆ ಮೇಲಿನ 0.6 ಯೂನಿಟ್ ಕೊಡಲು 18 ನಿಮಿಷ ಸಾಕು, ಹಾಗಾಗಿ ಕಾಫಿಗೆ ಹಾಲಿಡುವ ಹೊತ್ತಿಗೆ ಹಾಕಿ, ಸ್ನಾನಕ್ಕೆ ಹೋಗುವ ಮುನ್ನ ಆರಿಸುವುದು ಈಗಿನ ಪದ್ಧತಿ. ಸ್ನಾನಕ್ಕೆ ಮುಂಚೆ ಆರಿಸಿರುವುದು ಸುರಕ್ಷತೆಗೂ ಒಳ್ಳೆಯದು. ಗೀಸರಿನ ತಂತಿಯ ಕೆಲಸವನ್ನು ಯಾರೂ ಸ್ವತಃ ಮಾಡಬಾರದು. ಇದೇ ಸಮಯದಲ್ಲಿ ಅರ್ತಿಂಗ್ ಸರಿಯಿದೆಯೇ, ಕರೆಂಟು ಸೋರಿದ ಕೂಡಲೇ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ಚು ಇದೆಯೇ ಎಂಬುದನ್ನೂ ನೋಡಿಸಿಕೊಳ್ಳಬೇಕು.

ಮುಂದಿನದು ತಾರಸಿಯ ಟ್ಯಾಂಕಿನಿಂದ ಬಚ್ಚಲಿನವರೆಗಿನ ಪೈಪು. ಉದ್ದ ಅಳೆದಾಗ ಸುಮಾರು 16 ಮೀಟರ್ ಬಂತು. ಒಳವ್ಯಾಸ 20 ಮಿಲಿಮೀಟರ್ ಇರುವ ಪೈಪಿನ ಒಂದು ಮೀಟರಿನಲ್ಲಿ ಸುಮಾರು 0.31 ಲೀಟರ್ ನೀರು ನಿಲ್ಲುತ್ತದೆ. ಆದ್ದರಿಂದ ಬೆಳಿಗ್ಗೆ ಬಿಸಿನೀರು ಬರುವ ಮೊದಲು 5 ಲೀಟರ್ ತಣ್ಣೀರು ಹರಿಯಲೇಬೇಕು. ಅಷ್ಟು ದಿನ ಅದು ನೇರವಾಗಿ ಚರಂಡಿಗೆ ಹೋಗುತ್ತಿತ್ತು. ತಾರಸಿಯ ಭಾಗದ ಪೈಪಿಗೆ ಮೊದಲು ಹೊದಿಕೆ ಹಾಕುವುದೆಂದು ನಿರ್ಧರಿಸಿದೆವು.

ಏರ್ ಕಂಡೀಷನರ್ ಪೈಪಿಗೆ ತೊಡಿಸುವ ಕಪ್ಪು ನೈಟ್ರೈಲ್ ರಬ್ಬರಿನ ಕೊಳವೆ ಈ ಕೆಲಸಕ್ಕೆ ಸರಿಹೊಂದುತ್ತದೆ. ನಾವು 13 ಮಿಲಿಮೀಟರ್ ದಪ್ಪದ್ದನ್ನು ತಂದೆವು. ಪೈಪಿನ ಹೊರವ್ಯಾಸಕ್ಕೆ ಸರಿಯಾದ ಒಳವ್ಯಾಸ ಕೇಳಿ ತರುವುದು ಮುಖ್ಯ, ಏಕೆಂದರೆ ಸಡಿಲವಾಗಿ ಕೂತ ಹೊದಿಕೆಯೊಳಗೆ ಗಾಳಿ ಓಡಾಡಿ ಶಾಖವನ್ನು ಹೊತ್ತೊಯ್ಯುತ್ತದೆ. ಮಧ್ಯಾಹ್ನ ಪೈಪನ್ನು ಮುಟ್ಟಲಾಗುವುದಿಲ್ಲ, ಆದ್ದರಿಂದ ಬೆಳಿಗ್ಗೆ ಎಲ್ಲರ ಸ್ನಾನ ಮುಗಿದು ಪೈಪು ತಣ್ಣಗಾದ ಮೇಲೆ ಹತ್ತಿದೆವು. ಒದ್ದೆ ಬಟ್ಟೆಯಿಂದ ಧೂಳು ಒರೆಸಿ ಒಣಗಿಸಿ, ಕೊಳವೆಯನ್ನು ಉದ್ದಕ್ಕೆ ಒಂದೇ ಸೀಳು ಹಾಕಿ ಪೈಪಿಗೆ ತೊಡಿಸಿ, ಸೀಳು ಕೆಳಮುಖವಾಗಿರುವಂತೆ ತಿರುಗಿಸಿದೆವು. ಮೇಲ್ಮುಖವಾಗಿದ್ದರೆ ಮಳೆನೀರು ಒಳಗಿಳಿಯುತ್ತದೆ. ಪೈಪು ತಿರುಗುವ ಎಲ್ಬೋ ಇರುವಲ್ಲಿ ಎರಡು ತುಂಡುಗಳನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ ಜೋಡಿಸಿದರೆ ಸಂದು ಉಳಿಯುವುದಿಲ್ಲ. ನೈಟ್ರೈಲ್ ರಬ್ಬರನ್ನು ಬಿಸಿಲು ಬೇಗ ಹಾಳುಮಾಡುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಟೇಪನ್ನು ಅರ್ಧರ್ಧ ಮೇಲೆ ಬರುವಂತೆ ಸುತ್ತದಿದ್ದರೆ ಕೆಲವೇ ಬೇಸಿಗೆಗಳಲ್ಲಿ ಪುಡಿಯಾಗಿ ಉದುರುತ್ತದೆ. ಟ್ಯಾಂಕಿನಿಂದ ಮೇಲಕ್ಕೆ ನಿಂತಿರುವ ಗಾಳಿಯ ಕೊಳವೆಯ ಬಾಯಿಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು. ಒತ್ತಡ ಹೊರಹೋಗಲು ಅದೊಂದೇ ದಾರಿ.

ಹೊದಿಕೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿದಿರುವುದು ಒಳ್ಳೆಯದು. ರಾತ್ರಿಯೆಲ್ಲ ನಿಂತ ನೀರು ಹೊದಿಕೆ ಇದ್ದರೂ ತಣ್ಣಗಾಗುತ್ತದೆ, ಆದ್ದರಿಂದ ಮೊದಲು ಸ್ನಾನ ಮಾಡುವವರಿಗೆ 5 ಲೀಟರಿನ ಸಮಸ್ಯೆ ಹಾಗೆಯೇ ಉಳಿಯುತ್ತದೆ. ವ್ಯತ್ಯಾಸ ಕಾಣುವುದು ಎರಡನೆಯವರಿಂದ ಮುಂದೆ. ಬರಿಯ ಪೈಪಿನೊಳಗಿನ ನೀರು ಅರ್ಧ ಗಂಟೆಯೊಳಗೆ ತನ್ನ ಬಿಸಿಯ ಬಹುಪಾಲನ್ನು ಕಳೆದುಕೊಳ್ಳುತ್ತಿತ್ತು. ಈಗ ಗಂಟೆ ಕಳೆದ ಮೇಲೂ ಸ್ನಾನಕ್ಕೆ ಆಗುವಷ್ಟು ಬಿಸಿ ಇರುತ್ತದೆ. ಹಾಗಾಗಿ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ದಿನಕ್ಕೆ ಒಮ್ಮೆ ಮಾತ್ರ ತಣ್ಣೀರನ್ನು ಹರಿಸಬೇಕಾಗುತ್ತದೆ. ಮೊದಲು ನಾಲ್ಕೂ ಜನ ಬೇರೆ ಬೇರೆ ಹೊತ್ತಿಗೆ ಹೋಗುತ್ತಿದ್ದಾಗ ನಾಲ್ಕು ಬಾರಿ ಹರಿಯುತ್ತಿತ್ತು, ಮತ್ತು ಪ್ರತಿ ಬಾರಿಯೂ ಸ್ನಾನ ಮುಗಿದ ಮೇಲೆ 5 ಲೀಟರ್ ಬಿಸಿನೀರು ಪೈಪಿನಲ್ಲೇ ನಿಂತು ಆರಿಹೋಗುತ್ತಿತ್ತು. ನನ್ನ ಎಣಿಕೆಯಲ್ಲಿ ನೀರಿನ ನಷ್ಟಕ್ಕಿಂತ ಈ ಬಿಸಿಯ ನಷ್ಟವೇ ದೊಡ್ಡದು.

ಆ ಮೊದಲ 5 ಲೀಟರಿಗೆ ಒಂದು ಬೇರೆ ಬಕೆಟ್ಟು ಇಟ್ಟಿದ್ದೇವೆ. ಒಳಗೆ 5 ಲೀಟರಿನ ಮಟ್ಟಕ್ಕೆ ಬಣ್ಣದ ಗೆರೆ ಎಳೆದಿದೆ. ಗೆರೆ ತಲುಪಿತೆಂದರೆ ಬಿಸಿನೀರು ಬಂತೆಂದೇ ಅರ್ಥ, ಕೈಯಿಟ್ಟು ನೋಡುತ್ತ ಇನ್ನೆರಡು ಲೀಟರ್ ಕಳೆಯುವ ಅಗತ್ಯವಿಲ್ಲ. ಆ ನೀರು ನೆಲ ಒರೆಸಲು ಹೋಗುತ್ತದೆ. ಬೆಂಗಳೂರಿನಲ್ಲಿ ನೀರನ್ನು ಉಳಿಸುವುದೆಂದರೆ ವಿದ್ಯುತ್ತನ್ನು ಉಳಿಸುವುದೂ ಹೌದು. ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ ಮತ್ತು ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪಾಗಿ, ಸುಮಾರು 100 ಕಿಲೋಮೀಟರ್ ದೂರವನ್ನೂ ಸುಮಾರು 500 ಮೀಟರ್ ಎತ್ತರವನ್ನೂ ದಾಟಿ ನಗರಕ್ಕೆ ಬರುತ್ತದೆ. 1000 ಲೀಟರನ್ನು 500 ಮೀಟರ್ ಎತ್ತಲು, ಪಂಪಿನಲ್ಲಿ ಒಂದಿಷ್ಟೂ ನಷ್ಟವಾಗದಿದ್ದರೂ, 1.36 ಯೂನಿಟ್ ಬೇಕು. ಅದಾದ ಮೇಲೆ ನಮ್ಮ ಸಂಪಿನಿಂದ ತಾರಸಿಗೆ ಇನ್ನೊಂದು ಪಂಪು ಓಡಬೇಕು.

ಫ್ರಿಜ್ಜಿನ ಬಾಗಿಲು

ಫ್ರಿಜ್ಜಿನ ಕಂಪ್ರೆಸರ್ ಓಡುವಾಗ ಮೀಟರು 10 ಸೆಕೆಂಡಿಗೊಮ್ಮೆ ಮಿಟುಕುತ್ತಿತ್ತು, ಅಂದರೆ ಸುಮಾರು 112 ವ್ಯಾಟ್. ಅದು ಹೆಚ್ಚೇನಲ್ಲ; ಆದರೆ ಗಂಟೆಯಲ್ಲಿ ಸುಮಾರು 40 ನಿಮಿಷ ಓಡುತ್ತಿತ್ತು. ಬಾಗಿಲಿನ ಸುತ್ತಲಿನ ರಬ್ಬರು, ಅಂದರೆ ಗ್ಯಾಸ್ಕೆಟ್, ಸರಿಯಿದೆಯೇ ಎಂದು ನೋಡಲು ಒಂದು ಕಾಗದದ ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಮೆಲ್ಲಗೆ ಎಳೆಯಬೇಕು. ಹಿಡಿದುಕೊಂಡರೆ ಸರಿ, ಜಾರಿ ಬಂದರೆ ಅಲ್ಲಿ ಗಾಳಿ ಒಳಹೋಗುತ್ತಿದೆ. ಬಾಗಿಲಿನ ನಾಲ್ಕೂ ಬದಿಗಳಲ್ಲಿ ಹೀಗೆ ನೋಡುತ್ತ ಬಂದಾಗ ಕೀಲಿನ ಕಡೆಯ ಕೆಳಮೂಲೆಯಲ್ಲಿ ಪಟ್ಟಿ ಸಲೀಸಾಗಿ ಹೊರಬಂತು.

ಹೊಸ ರಬ್ಬರು ತರಿಸುವ ಮುನ್ನ ಹಳೆಯದನ್ನು ಸರಿಮಾಡಲು ಸಾಧ್ಯವೇ ಎಂದು ನೋಡಬೇಕು, ಏಕೆಂದರೆ ಬಹಳ ಸಲ ಅದು ಹರಿದಿರುವುದಿಲ್ಲ, ಆಕಾರ ಕೆಟ್ಟಿರುತ್ತದೆ ಅಷ್ಟೆ. ಪ್ಲಗ್ ಕಳಚಿ, ಬಾಗಿಲಿನ ಕಾಲುವೆಯಿಂದ ರಬ್ಬರನ್ನು ಒಂದು ಮೂಲೆಯಿಂದ ಎಬ್ಬಿಸುತ್ತ ಪೂರ್ತಿ ಬಿಡಿಸಿದೆವು. ಮಡಿಕೆಗಳೊಳಗೆ ಕಪ್ಪು ಬೂಷ್ಟು ಕೂತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷು ಮತ್ತು ಸೋಪಿನ ನೀರಿನಿಂದ ಅದನ್ನು ತೊಳೆದು, ಕೈ ಅದ್ದಲು ಆಗುವಷ್ಟು ಬಿಸಿಯಾದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಯಿಟ್ಟಾಗ ಸೊಟ್ಟಗಾದ ಭಾಗ ಮೆತ್ತಗಾಗಿ ನೇರವಾಯಿತು. ಕುದಿಯುವ ನೀರು ಬಳಸಿದರೆ ರಬ್ಬರೂ ಕೆಡುತ್ತದೆ, ಅದರೊಳಗಿನ ಅಯಸ್ಕಾಂತದ ಪಟ್ಟಿಯೂ ಹಾಳಾಗಬಹುದು. ಮರಳಿ ಕೂರಿಸುವಾಗ ಮೊದಲು ನಾಲ್ಕೂ ಮೂಲೆಗಳನ್ನು ಒತ್ತಿ ಆಮೇಲೆ ನಡುವಿನ ಭಾಗಕ್ಕೆ ಬರಬೇಕು. ಕೀಲಿನ ಬದಿಯಲ್ಲಿ ಬಾಗಿಲು ತಿರುಗುವಾಗ ರಬ್ಬರು ಎಳೆದಾಡುವುದರಿಂದ, ಅಲ್ಲಿ ತೆಳುವಾಗಿ ವ್ಯಾಸಲೀನ್ ಸವರಿ ಬಾಗಿಲನ್ನು ರಾತ್ರಿಯಿಡೀ ತೆರೆಯದೆ ಬಿಟ್ಟೆವು. ಫ್ರಿಜ್ಜಿನ ಮುಂದಿನ ಎರಡು ಕಾಲುಗಳನ್ನು ತುಸು ಎತ್ತರಿಸಿದ್ದರಿಂದ ಅರ್ಧ ತೆರೆದ ಬಾಗಿಲು ಈಗ ತನ್ನಷ್ಟಕ್ಕೆ ಹಿಂದಕ್ಕೆ ಹೋಗಿ ಮುಚ್ಚಿಕೊಳ್ಳುತ್ತದೆ. ಬಾಗಿಲು ಹಾಕು ಎಂದು ಮಕ್ಕಳನ್ನು ಕೂಗುವುದೂ ನಿಂತಿದೆ.

ಹಿಂಬದಿಯ ಕಪ್ಪು ಕಂಬಿಗಳ ಮೇಲಿನ ಧೂಳನ್ನು ಬ್ರಷ್ಷಿನಿಂದ ತೆಗೆದು, ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಜಾಗ ಬಿಟ್ಟೆವು. ಫ್ರೀಜರಿನಲ್ಲಿ ಮಂಜು ದಪ್ಪಗಟ್ಟಿದರೆ ಅದೇ ಕಂಬಳಿಯಾಗಿ ತಣಿಸುವುದನ್ನು ತಡೆಯುತ್ತದೆ, ಅದನ್ನೂ ಕರಗಿಸಿದೆವು. ಈಗ ಕಂಪ್ರೆಸರ್ ಗಂಟೆಗೆ ಸುಮಾರು 30 ನಿಮಿಷ ಓಡುತ್ತದೆ, ದಿನಕ್ಕೆ ಹತ್ತಿರ ಹತ್ತಿರ ಅರ್ಧ ಯೂನಿಟ್ ಉಳಿಯುತ್ತದೆ. ಒಂದು ರೂಪಾಯಿಯ ಹೊಸ ಭಾಗವನ್ನೂ ಇದಕ್ಕೆ ಕೊಂಡಿಲ್ಲ.

ದೀಪಗಳೆಲ್ಲ ಎಲ್‌ಇಡಿ ಆಗಿ ಬಹಳ ಕಾಲವಾಯಿತು, ಅಲ್ಲಿ ಮಾಡುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಹಜಾರದ ಫ್ಯಾನನ್ನು ಮಾತ್ರ ಕಡಿಮೆ ವಿದ್ಯುತ್ ಎಳೆಯುವ ಬಿಎಲ್‌ಡಿಸಿ ಮೋಟಾರಿನ ಫ್ಯಾನಿಗೆ ಬದಲಿಸಿದೆವು. 75 ವ್ಯಾಟ್ ಇದ್ದದ್ದು 30ಕ್ಕೆ ಇಳಿದಿದೆ. ದಿನಕ್ಕೆ ಒಂದೆರಡು ಗಂಟೆ ಓಡುವ ಕೋಣೆಗಳ ಫ್ಯಾನುಗಳನ್ನು, ಅವು ಚೆನ್ನಾಗಿರುವ ತನಕ, ಕಿತ್ತು ಬದಲಿಸುವುದರಲ್ಲಿ ಅರ್ಥವಿಲ್ಲ. ಕಿತ್ತ ಫ್ಯಾನೂ ಕಸವೇ.

ಹಸಿಕಸಕ್ಕೆ ಬಣ್ಣದ ಬಕೆಟ್ಟು

ಬೆಂಗಳೂರಿನ ಕಸದ ಕಥೆ ಗೊತ್ತಿರುವವರಿಗೆ ಮಾವಳ್ಳಿಪುರ ಮತ್ತು ಮಂಡೂರಿನ ಹೆಸರುಗಳನ್ನು ವಿವರಿಸಬೇಕಾಗಿಲ್ಲ. ನಗರದ ಹಸಿಕಸವನ್ನೂ ಪ್ಲಾಸ್ಟಿಕ್ಕನ್ನೂ ಅಲ್ಲಿ ಒಟ್ಟಿಗೆ ಸುರಿದ ಕಾರಣಕ್ಕೆ ಆ ಊರುಗಳ ಬಾವಿ, ಕೊಳವೆಬಾವಿ, ಗಾಳಿ ಎಲ್ಲವೂ ಕೆಟ್ಟವು. ಜನ ಬೀದಿಗಿಳಿದು ಹೋರಾಡಬೇಕಾಯಿತು. ಮಾವಳ್ಳಿಪುರಕ್ಕೆ ಲಾರಿಗಳು ಹೋಗುವುದು 2012ರಲ್ಲಿ, ಮಂಡೂರಿಗೆ ಹೋಗುವುದು 2014ರ ಕೊನೆಯಲ್ಲಿ ನಿಂತಿತು. ಗಾಳಿಯಾಡದ ರಾಶಿಯಲ್ಲಿ ಕೊಳೆಯುವ ತರಕಾರಿ ಸಿಪ್ಪೆಯಿಂದ ಮೀಥೇನ್ ಹುಟ್ಟುತ್ತದೆ, ಕೊಳಕು ರಸ ನೆಲಕ್ಕಿಳಿಯುತ್ತದೆ. ಅದೇ ಸಿಪ್ಪೆ ಗಾಳಿಯಾಡುವ ಬಕೆಟ್ಟಿನಲ್ಲಿ ಗೊಬ್ಬರವಾಗುತ್ತದೆ. ನಗರದಲ್ಲಿ ಎರಡು ಬುಟ್ಟಿ, ಒಂದು ಚೀಲದ ವಿಂಗಡಣೆ ಜಾರಿಗೆ ಬಂದ ಮೇಲೆ ನಾವು ಕಸ ಬೇರೆ ಮಾಡುತ್ತಿದ್ದೆವು. ಹಸಿಕಸದ ಹಸಿರು ಬುಟ್ಟಿಯನ್ನು ಗಾಡಿಗೆ ಕೊಡುವುದನ್ನೇ ನಿಲ್ಲಿಸಬೇಕೆಂಬುದು ಈ ಕೆಲಸದ ಗುರಿ. ಇದಕ್ಕೆಂದೇ ಮಾಡಿದ ಮಣ್ಣಿನ ಕುಡಿಕೆಗಳು ನಗರದಲ್ಲಿ ಸಿಗುತ್ತವೆ, ಚೆನ್ನಾಗಿಯೂ ಇವೆ. ನಮ್ಮಲ್ಲಿ ಗೋಡೆಗೆ ಬಣ್ಣ ಹೊಡೆಸಿ ಉಳಿದ 20 ಲೀಟರಿನ ಮೂರು ಬಕೆಟ್ಟುಗಳಿದ್ದವು, ಅವನ್ನೇ ಬಳಸಿದೆವು.

ಬಕೆಟ್ಟುಗಳನ್ನು ಬಣ್ಣದ ಕಲೆ ಹೋಗುವಂತೆ ಉಜ್ಜಿ ತೊಳೆದು ಬಿಸಿಲಿಗಿಟ್ಟೆವು. ಡ್ರಿಲ್ಲಿನಿಂದ ಸುತ್ತಲೂ ನಾಲ್ಕು ಸಾಲುಗಳಲ್ಲಿ, ನಾಲ್ಕು ಬೆರಳಿನ ಅಂತರದಲ್ಲಿ, 8 ಮಿಲಿಮೀಟರಿನ ತೂತುಗಳನ್ನು ಕೊರೆದೆವು. ತಳದಲ್ಲಿ ರಸ ಇಳಿಯಲು ಇನ್ನಷ್ಟು ಸಣ್ಣ ತೂತುಗಳು. ಕಾದ ಕಬ್ಬಿಣದ ಸರಳಿನಿಂದ ಪ್ಲಾಸ್ಟಿಕ್ಕನ್ನು ಸುಟ್ಟು ತೂತು ಮಾಡುವವರಿದ್ದಾರೆ, ಆ ಹೊಗೆ ಒಳ್ಳೆಯದಲ್ಲ. ಒಳಗಿನಿಂದ ಹಳೆಯ ಕಿಟಕಿಯ ಸೊಳ್ಳೆ ಪರದೆಯನ್ನು ಕತ್ತರಿಸಿ ತೂತುಗಳಿಗೆ ಅಂಟಿಸಿದ್ದರಿಂದ ನೊಣ ಒಳಹೋಗುವುದಿಲ್ಲ, ಗಾಳಿ ಹೋಗುತ್ತದೆ. ಬಕೆಟ್ಟನ್ನು ಎರಡು ಇಟ್ಟಿಗೆಗಳ ಮೇಲೆ ನಿಲ್ಲಿಸಿ ಕೆಳಗೆ ಒಂದು ಹಳೆಯ ತಟ್ಟೆ ಇಟ್ಟೆವು. ಜಾಗದ ವಿಷಯದಲ್ಲಿ ಸ್ವಲ್ಪ ಯೋಚಿಸಿದೆವು: ತಾರಸಿಯಲ್ಲಿ ಇಟ್ಟರೆ ದಿನವೂ ಯಾರೂ ಹತ್ತುವುದಿಲ್ಲ. ಆದ್ದರಿಂದ ಅಡುಗೆಮನೆಯ ಹಿಂಬಾಗಿಲಿನ ಪಕ್ಕ, ಪಾತ್ರೆ ತೊಳೆಯುವ ಕಟ್ಟೆಯಿಂದ ಮೂರು ಹೆಜ್ಜೆಯ ನೆರಳಿನಲ್ಲಿ ಇಟ್ಟೆವು. ಮನೆಗೆಲಸಕ್ಕೆ ಬರುವ ಅಕ್ಕನವರಿಗೂ ಆ ಜಾಗವೇ ಅನುಕೂಲವೆಂದು ಅವರೇ ತೋರಿಸಿದರು.

ತಳದಲ್ಲಿ ತೆಂಗಿನ ನಾರು, ಅದರ ಮೇಲೆ ಒಂದು ಹಿಡಿ ಹಳೆಯ ಗೊಬ್ಬರ. ದಿನದ ಸಿಪ್ಪೆಯನ್ನು ಸಣ್ಣದಾಗಿ ಹೆಚ್ಚಿ ಹಾಕಿ, ಅದರ ಮೇಲೆ ಅದಕ್ಕಿಂತ ಒಂದೂವರೆ ಪಟ್ಟು ಒಣ ಎಲೆ ಪುಡಿಮಾಡಿ ಮುಚ್ಚಬೇಕು. ಈ ಎಲೆಯೇ ಇಡೀ ಕೆಲಸದ ಗುಟ್ಟು. ಗೊಬ್ಬರ ಮಾಡುವ ಜೀವಾಣುಗಳಿಗೆ ಸಾರಜನಕದ ಒಂದು ಭಾಗಕ್ಕೆ ಇಂಗಾಲದ 25ರಿಂದ 30 ಭಾಗ ಬೇಕು. ಅಡುಗೆಮನೆಯ ಸಿಪ್ಪೆಯಲ್ಲಿ ಇಂಗಾಲ ಅಷ್ಟಿರುವುದಿಲ್ಲ, ಒಣ ಎಲೆಯಲ್ಲಿ ಬೇಕಾದಷ್ಟಿರುತ್ತದೆ. ಎಲೆ ಕಡಿಮೆಯಾದರೆ ಹೆಚ್ಚಾದ ಸಾರಜನಕ ಅಮೋನಿಯವಾಗಿ ಮೂಗಿಗೆ ಬಡಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದರ ಅರ್ಥ ಬೇರೆ: ನೀರು ಹೆಚ್ಚಾಗಿ ಗಾಳಿ ಹೋಗುತ್ತಿಲ್ಲ, ಕೋಲಿನಿಂದ ತಿರುವಿ ಒಣ ಎಲೆ ಸೇರಿಸಬೇಕು. ಇರುವೆ ಬಂದರೆ ಒಣಗಿದೆ ಎಂದು ತಿಳಿದು ನೀರು ಚಿಮುಕಿಸಬೇಕು. ಹದ ನೋಡಲು ಒಂದು ಹಿಡಿ ತೆಗೆದು ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಬೆರಳ ಸಂದಿಯಿಂದ ಹನಿ ಬೀಳಬಾರದು. ವಾರಕ್ಕೊಮ್ಮೆ ಹುಳಿ ಮಜ್ಜಿಗೆಯನ್ನು ನೀರಾಗಿಸಿ ಚಿಮುಕಿಸುವುದು ಅಮ್ಮನ ಪದ್ಧತಿ.

ಎಲೆ ಎಲ್ಲಿಂದ? ನಮ್ಮ ಬೀದಿಯಲ್ಲಿ ಹೊಂಗೆ, ಮಳೆಮರಗಳಿವೆ. ಚಳಿಗಾಲ ಮುಗಿಯುವ ಹೊತ್ತಿಗೆ ರಸ್ತೆ ಪೂರ್ತಿ ಎಲೆ. ಗುಡಿಸುವ ಪೌರಕಾರ್ಮಿಕರಿಗೆ ಆ ರಾಶಿಯನ್ನು ಸಾಗಿಸುವುದೇ ಹೊರೆ. ಅಮ್ಮ ಒಂದು ಬೆಳಿಗ್ಗೆ, “ಎಲೆ ನಮ್ಮ ಗೇಟಿನ ಹತ್ರ ಇಟ್ಬಿಡಮ್ಮ, ಚೀಲ ನಾನೇ ಕೊಡ್ತೀನಿ” ಎಂದಾಗ ಅವರು, “ಒಳ್ಳೇದಾಯ್ತು ಬಿಡಿ ಅಜ್ಜಿ, ಇಲ್ಲಾಂದ್ರೆ ಯಾರಾದ್ರೂ ಬೆಂಕಿ ಇಡ್ತಾರೆ” ಎಂದರು. ಹೊಂಗೆಯ ಎಲೆ ಬೇಗ ಕರಗುತ್ತದೆ. ಮಾವಿನ ಎಲೆ ದಪ್ಪ, ಮೇಣದಂಥ ಪದರವುಳ್ಳದ್ದು. ಪುಡಿಮಾಡದೆ ಹಾಕಿದರೆ ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ.

ಕಾಫಿಪುಡಿಯ ಗಸಿ, ಚಹಾಪುಡಿ, ಹಣ್ಣಿನ ಸಿಪ್ಪೆ, ಪೂಜೆಯ ಹೂವು, ಪುಡಿಮಾಡಿದ ಮೊಟ್ಟೆಯ ಚಿಪ್ಪು ಎಲ್ಲವೂ ಬಕೆಟ್ಟಿಗೆ ಹೋಗುತ್ತವೆ. ಹೂವಿನ ಹಾರದ ದಾರವನ್ನು ಮಾತ್ರ ಬಿಡಿಸಬೇಕು. ತೆಂಗಿನ ಚಿಪ್ಪು ಮತ್ತು ಮಾವಿನ ಓಟೆ ಕರಗುವ ತನಕ ಕಾಯಲಾಗದು. ಎಣ್ಣೆ ಹೆಚ್ಚಿರುವ ಸಾರು ಪಲ್ಯಗಳನ್ನು ಹಾಕುವುದಿಲ್ಲ, ನಿಜವಾಗಿ ನೋಡಿದರೆ ಅವು ಉಳಿಯುವಂತೆ ಅಡುಗೆ ಮಾಡುವುದನ್ನೇ ಕಡಿಮೆ ಮಾಡಿದ್ದೇವೆ. ದಿನವೂ ಏನು ಹೆಚ್ಚಾಗಿ ಉಳಿಯುತ್ತಿದೆ ಎಂಬುದನ್ನು ಈ ಬಕೆಟ್ಟು ಬಹಳ ಸ್ಪಷ್ಟವಾಗಿ ತೋರಿಸುತ್ತದೆ.

ಕೆಲವೇ ವಾರಗಳಲ್ಲಿ ಬೂದು ಬಣ್ಣದ, ಚಪ್ಪಟೆಯಾದ ದೊಡ್ಡ ಹುಳುಗಳು ಕಾಣಿಸಿಕೊಂಡವು. ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಮನೆನೊಣದಂತೆ ಊಟದ ಮೇಲೆ ಕೂರುವ ಜಾತಿಯದಲ್ಲ, ರೋಗ ಹರಡುವುದಿಲ್ಲ, ಸಿಪ್ಪೆಯನ್ನು ಬಹಳ ವೇಗವಾಗಿ ತಿಂದು ಮುಗಿಸುತ್ತವೆ. ಅನೇಕರು ಗೊಬ್ಬರ ಮಾಡುವುದನ್ನು ಬಿಡುವುದು ಇವನ್ನು ನೋಡಿ ಹೆದರಿದಾಗಲೇ. ದಯವಿಟ್ಟು ಅವನ್ನು ಇರಗೊಡಿ, ಕಾಣಬಾರದೆಂದಿದ್ದರೆ ಎಲೆಯ ಹೊದಿಕೆಯನ್ನು ದಪ್ಪ ಮಾಡಿ. ಬಿಳಿಯ ಬೂಷ್ಟೂ ಒಳ್ಳೆಯ ಲಕ್ಷಣವೇ.

ಒಂದು ಬಕೆಟ್ಟು ತುಂಬಿದರೆ ಅದನ್ನು ಬದಿಗಿಟ್ಟು ಎರಡನೆಯದಕ್ಕೆ ಹೋಗುತ್ತೇವೆ, ಅದು ತುಂಬಿದರೆ ಮೂರನೆಯದು. ಅಷ್ಟರಲ್ಲಿ ಮೊದಲನೆಯದು ಕುಗ್ಗಿ, ಕಪ್ಪಾಗಿ, ಮಣ್ಣಿನ ವಾಸನೆ ಬರುತ್ತಿರುತ್ತದೆ. ಮರಳು ಜರಡಿಯಲ್ಲಿ ಸಾಣಿಸಿ, ಮೇಲೆ ಉಳಿದದ್ದನ್ನು ಹೊಸ ಬಕೆಟ್ಟಿನ ತಳಕ್ಕೆ ಹಾಕುತ್ತೇವೆ. ಗೊಬ್ಬರ ಮಾಗಿದೆಯೇ ಎಂದು ತಿಳಿಯಲು ಅದರಲ್ಲಿ ಮೆಂತ್ಯ ಬಿತ್ತಿ ನೋಡಬೇಕು. ಮಾಗದ ಗೊಬ್ಬರದಲ್ಲಿ ಮೊಳಕೆ ಸೊರಗುತ್ತದೆ. ಇಷ್ಟು ಸಣ್ಣ ಬಕೆಟ್ಟಿನಲ್ಲಿ ಶಾಖ ನಿಲ್ಲುವುದಿಲ್ಲ, ದೊಡ್ಡ ರಾಶಿಯಲ್ಲಿ ಬರುವ 55–60 ಡಿಗ್ರಿ ಬರುವುದು ಅಪರೂಪ. ಆದ್ದರಿಂದ ಬೀಜಗಳು ಸಾಯುವುದಿಲ್ಲ, ಗೊಬ್ಬರ ಹಾಕಿದ ಕುಂಡಗಳಲ್ಲೆಲ್ಲ ಟೊಮೆಟೊ ಮತ್ತು ಕುಂಬಳದ ಸಸಿಗಳು ತಾವಾಗಿ ಏಳುತ್ತವೆ. ಅಮ್ಮ ಅವನ್ನು ಕೀಳಲು ಬಿಡುವುದಿಲ್ಲ.

ಒಣಕಸದ ಚೀಲಕ್ಕೆ ಹೋಗುವ ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ತುಂಡರಿಸದೆ ಅಂಟಿಕೊಂಡೇ ಇರುವಂತೆ ಕತ್ತರಿಸುತ್ತೇವೆ. ಬೆರಳುಗುರಿನಷ್ಟು ತುಂಡು ಯಾರ ಕೈಗೂ ಸಿಗದೆ ಚರಂಡಿ ಸೇರುತ್ತದೆ, ಇಡೀ ಪ್ಯಾಕೆಟ್ಟು ಮರುಬಳಕೆಗೆ ಹೋಗುತ್ತದೆ. ತೊಳೆದ ಪ್ಯಾಕೆಟ್ಟುಗಳನ್ನು ಸಿಂಕಿನ ಮೇಲೆ ಕಟ್ಟಿದ ತಂತಿಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸುತ್ತೇವೆ. ಒದ್ದೆಯಾದ, ಹುಳಿವಾಸನೆಯ ಚೀಲವನ್ನು ಒಣಕಸ ಕೇಂದ್ರದಲ್ಲಿ ಯಾರೋ ಒಬ್ಬರು ಬರಿಗೈಯಲ್ಲಿ ಬಿಡಿಸಬೇಕು ಎಂಬುದನ್ನು ನೆನೆದರೆ ಈ ತಂತಿ ಬಹಳ ಸಣ್ಣ ಕೆಲಸ.

ಉಳಿದಿರುವ ಕೆಲಸಗಳಲ್ಲಿ ಮೊದಲನೆಯದು ಮಳೆಗಾಲಕ್ಕೆ ಎಲೆಯ ಸಂಗ್ರಹ. ಜೂನಿನಿಂದ ಒಣ ಎಲೆ ಸಿಗುವುದಿಲ್ಲ, ಬಕೆಟ್ಟಿನ ತೇವವೂ ಆರುವುದಿಲ್ಲ; ಆದ್ದರಿಂದ ಏಪ್ರಿಲ್ ಮುಗಿಯುವಷ್ಟರಲ್ಲಿ ಮೂಟೆಗಳನ್ನು ಮೆಟ್ಟಿಲಿನ ಕೆಳಗೆ ಹಲಗೆಯ ಮೇಲೆ ಜೋಡಿಸಬೇಕು, ನೆಲಕ್ಕೆ ತಾಗಿದರೆ ತೇವ ಎಳೆಯುತ್ತವೆ. ಎರಡನೆಯದು, ಕುಡಿಯುವ ನೀರನ್ನು ಶುದ್ಧಮಾಡುವ ಆರ್‌ಒ ಯಂತ್ರ ಹೊರಹಾಕುವ ನೀರನ್ನು ಸಿಂಕಿನ ಚರಂಡಿಯಿಂದ ಬಿಡಿಸಿ ಒಂದು ಡ್ರಮ್ಮಿಗೆ ತಿರುಗಿಸುವುದು. ಆ ನೀರಿನಲ್ಲಿ ಲವಣ ಸಾಂದ್ರವಾಗಿರುವುದರಿಂದ ಕುಂಡಗಳಿಗೆ ಹಾಕುವ ಯೋಚನೆ ಇಲ್ಲ. ನೆಲ ಒರೆಸಲು ಮತ್ತು ಶೌಚಾಲಯಕ್ಕೆ ಅದು ಸಾಕು. ಯಂತ್ರದ ಕೊಳವೆಯನ್ನು ಉದ್ದಮಾಡುವಾಗ ಡ್ರಮ್ಮು ಯಂತ್ರಕ್ಕಿಂತ ಕೆಳಗಿರಬೇಕು, ಕೊಳವೆ ಎಲ್ಲಿಯೂ ಮಡಿಚಿರಬಾರದು, ಅದರ ತುದಿ ಡ್ರಮ್ಮಿನ ನೀರಿನಲ್ಲಿ ಮುಳುಗಿರಬಾರದು. ಡ್ರಮ್ಮಿನ ಬಾಯಿಗೆ ಸೊಳ್ಳೆ ಪರದೆ ಕಟ್ಟಲು ಕಿಟಕಿಯ ಹಳೆಯ ಪರದೆಯಲ್ಲಿ ಇನ್ನೂ ಒಂದು ತುಂಡು ಉಳಿದಿದೆ.